ಬೆಳಗಿನ ಶುಗರ್: ಹಾಸನದ ಕಡೆ ಕೇಳಿಬರುವ ಕೆಲವು ಮಾತುಗಳು

2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯ ಹೆಸರು ದಿನವೂ ಪತ್ರಿಕೆಯಲ್ಲಿ ಬರುತ್ತಿತ್ತು, ಹೃದಯಾಘಾತದ ಸುದ್ದಿಯ ಜೊತೆಗೆ. ಸಣ್ಣ ವಯಸ್ಸಿನವರ ಸಾವು ಕಂಡು ಹೆದರಿದ ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತರು. ಈ ಸಾವುಗಳ ಪರಿಶೀಲನೆಗೆ ಸರ್ಕಾರ ನೇಮಿಸಿದ್ದ, ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಜುಲೈನಲ್ಲಿ ವರದಿ ಕೊಟ್ಟಿತು. ಸಾವುಗಳು ದಿಢೀರನೆ ಏರಿಲ್ಲ, ಕಾರಣಗಳೂ ಹೊಸವಲ್ಲ ಎಂದಿತು: ಸಕ್ಕರೆ ಕಾಯಿಲೆ, ಬಿಪಿ, ಬೀಡಿ-ಸಿಗರೇಟು, ಕುಡಿತ, ಬೊಜ್ಜು. ಹೃದಯದ ಗಾಬರಿಯಲ್ಲಿ ಹೋಗಿ ಶುಗರ್ ರಿಪೋರ್ಟು ಹಿಡಿದು ಬಂದವರೂ ಇದ್ದಾರೆ. ಚೀಟಿಯಲ್ಲಿ ಎಫ್‌ಬಿಎಸ್ (ಖಾಲಿ ಹೊಟ್ಟೆಯ ರಕ್ತದ ಸಕ್ಕರೆ) ಎಂದು ಬರೆದು ಎದುರಿಗೆ ಒಂದು ಅಂಕಿ. ಅದನ್ನು ಓದುವುದು ಹೇಗೆ ಎಂಬುದರಲ್ಲೇ ಎಡವಟ್ಟು.

ಲೆಕ್ಕ ಇಷ್ಟು. ಕನಿಷ್ಠ ಎಂಟು ಗಂಟೆ ಏನೂ ತಿನ್ನದೆ ಕೊಟ್ಟ ರಕ್ತದಲ್ಲಿ ಸಕ್ಕರೆ 100ಕ್ಕಿಂತ ಕಡಿಮೆ ಇದ್ದರೆ ಸರಿ. 100ರಿಂದ 125 ಅಂಚಿನವರು. 126 ಅಥವಾ ಹೆಚ್ಚು, ಅದೂ ಎರಡು ಸಲ ಬಂದರೆ ಕಾಯಿಲೆ. ಕಾಯಿಲೆ ಇರುವ ಹೆಚ್ಚಿನವರಿಗೆ ಡಾಕ್ಟರು ಇಡುವ ಗುರಿ 80ರಿಂದ 130. ವಯಸ್ಸಾದವರಿಗೆ, ಬೇರೆ ಕಾಯಿಲೆ ಇರುವವರಿಗೆ ಇನ್ನಷ್ಟು ಸಡಿಲ.

‘ರಾತ್ರಿ ಒಂದು ಅಗುಳೂ ಮುಟ್ಟಿಲ್ಲ, ಬೆಳಿಗ್ಗೆ 170 ಹೆಂಗೆ ಬಂತು?’

ಎಲ್ಲಕ್ಕಿಂತ ಹೆಚ್ಚು ಜನರನ್ನು ಕಂಗೆಡಿಸುವುದು ಇದೇ. ಮಲಗುವಾಗ 130 ಇದ್ದದ್ದು ಏಳುವಾಗ 170. ಮನೆಯವರು ಅನುಮಾನದಿಂದ ನೋಡುತ್ತಾರೆ, ನಡುರಾತ್ರಿ ಎದ್ದು ಏನೋ ತಿಂದಿರಬೇಕು ಎಂದು. ಪಾಪ, ತಿಂದಿರುವುದಿಲ್ಲ.

ರಕ್ತಕ್ಕೆ ಸಕ್ಕರೆ ಬಾಯಿಂದಷ್ಟೇ ಬರುವುದಿಲ್ಲ. ನಾವು ಮಲಗಿದರೂ ಮಿದುಳು ಮಲಗುವುದಿಲ್ಲ. ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಅದೊಂದಕ್ಕೇ ಬೇಕು. ಊಟವಿಲ್ಲದ ಹೊತ್ತಿನಲ್ಲಿ ಅದನ್ನು ಒದಗಿಸುವುದು ಲಿವರ್. ಅದೊಂದು ಕಣಜ, ಹಗಲು ತುಂಬಿಸಿಕೊಂಡದ್ದನ್ನು ರಾತ್ರಿ ಅಳೆದು ಅಳೆದು ಹೊರಗೆ ಬಿಡುತ್ತದೆ. ಬೆಳಗಿನ ಜಾವ ಮೂರರಿಂದ ಎಂಟರವರೆಗೆ ಕಾರ್ಟಿಸೋಲ್, ಬೆಳವಣಿಗೆಯ ಹಾರ್ಮೋನ್ ಮುಂತಾದವು ದೇಹವನ್ನು ಎಬ್ಬಿಸಲು ಸಜ್ಜಾಗುತ್ತವೆ, ಲಿವರ್ ಇನ್ನಷ್ಟು ಬಿಡುತ್ತದೆ. ಕಾಯಿಲೆ ಇಲ್ಲದವರಲ್ಲಿ ಇನ್ಸುಲಿನ್ ಅದನ್ನು ತಡೆದು ನಿಲ್ಲಿಸುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಇನ್ಸುಲಿನ್ ಸಾಲದು, ಇದ್ದದ್ದರ ಮಾತನ್ನೂ ಲಿವರ್ ಕೇಳುವುದಿಲ್ಲ. ಅಂಕಿ ಏರುತ್ತದೆ. ಡಾನ್ ಫಿನಾಮಿನನ್ ಎಂದು ಡಾಕ್ಟರು ಹೇಳುವುದು ಇದನ್ನೇ.

ಹಾಗಾಗಿ ರಾತ್ರಿ ಊಟ ಬಿಟ್ಟರೆ ಬೆಳಗಿನ ಶುಗರ್ ಇಳಿದೇ ಇಳಿಯುತ್ತದೆ ಎನ್ನುವಂತಿಲ್ಲ. ಒಂಬತ್ತೂವರೆಗೆ ಸೀರಿಯಲ್ ಮುಗಿಸಿ ಉಂಡು ಹತ್ತಕ್ಕೆ ಮಲಗುವವರು ಏಳೂವರೆಗೇ ಉಂಡು, ಅರ್ಧ ಗಂಟೆ ನಡೆದರೆ ಮಾತ್ರ ವ್ಯತ್ಯಾಸ ಕಾಣುವುದುಂಟು. ಅದಕ್ಕೂ ಬಗ್ಗದಿದ್ದರೆ ಮಾತ್ರೆಯ ಹೊತ್ತು ಅಥವಾ ಪ್ರಮಾಣ ಬದಲಿಸಬೇಕಾಗಬಹುದು. ಅದು ಡಾಕ್ಟರ ಕೆಲಸ.

‘ಬೆಳಿಗ್ಗೆ ತಿಂಡಿಗೆ ಮೊದಲು ಕೊಟ್ಟರೆ ಅದೇ ಖಾಲಿ ಹೊಟ್ಟೆ’

ಅರಕಲಗೂಡು ತಾಲ್ಲೂಕಿನ ತಂಬಾಕು ಬೆಳೆಗಾರರ ವಿಷಯ ತೆಗೆದುಕೊಳ್ಳಿ. ರಾಮನಾಥಪುರದ ಹರಾಜು ಮಾರುಕಟ್ಟೆಗೆ ಸೊಪ್ಪು ಹೋಗುವ ಮೊದಲು ಅದು ಬ್ಯಾರನ್‌ನಲ್ಲಿ ದಿನಗಟ್ಟಲೆ ಬೇಯಬೇಕು. ಬೆಂಕಿ ಆರಬಾರದು, ಹೆಚ್ಚೂ ಆಗಬಾರದು. ರಾತ್ರಿ ಸೌದೆ ಒಟ್ಟುತ್ತಾ, ಥರ್ಮಾಮೀಟರ್ ನೋಡುತ್ತಾ ಕೂತವರಿಗೆ ಎರಡು ಗಂಟೆಗೊಂದು, ನಾಲ್ಕಕ್ಕೊಂದು ಸಿಹಿ ಟೀ. ಆರೂವರೆಗೆ ಬಸ್ಸು ಹತ್ತಿ ಲ್ಯಾಬಿನಲ್ಲಿ ಕೈ ಚಾಚಿ ‘ಇನ್ನೂ ತಿಂಡಿ ತಿಂದಿಲ್ಲ’ ಎಂದರೆ, ಅವರು ಹೇಳಿದ್ದು ನಿಜ. ರಿಪೋರ್ಟು ಹೇಳುವುದು ಮಾತ್ರ ಬೇರೆ ಕಥೆ. ಟೀ ಬಿಟ್ಟರೂ ಒಂದು ರಾತ್ರಿಯ ನಿದ್ದೆಗೇಡೇ ಇನ್ಸುಲಿನ್‌ನ ಕೆಲಸ ಕೆಡಿಸಲು ಸಾಕು. ಬ್ಯಾರನ್ ಇಳಿಸಿ, ಎರಡು ದಿನ ಸರಿಯಾಗಿ ನಿದ್ದೆ ಮಾಡಿದ ಮೇಲೆ ಕೊಡಲಿ.

ಚನ್ನರಾಯಪಟ್ಟಣದ ಕಡೆ ಎಳನೀರನ್ನು ಯಾರೂ ಆಹಾರ ಎಂದು ಎಣಿಸುವುದಿಲ್ಲ. ಒಂದು ದೊಡ್ಡ ಎಳನೀರಿನಲ್ಲಿ ಎರಡು ಮೂರು ಚಮಚ ಸಕ್ಕರೆಯಷ್ಟು ಸಿಹಿ ಇರುತ್ತದೆ. ಸಕ್ಕರೆ ಹಾಕದ ಕಾಫಿಯೂ ಬೇಡ, ಅದರಲ್ಲಿ ಹಾಲಿದೆ. ಬೆಲ್ಲದ ಕಾಫಿಯ ಬಗ್ಗೆ ಕೇಳಲೇಬೇಡಿ. ಸಕ್ಕರೆಗಿಂತ ಬೆಲ್ಲ ಒಳ್ಳೆಯದು ಎಂಬ ನಂಬಿಕೆ ನಾಲಿಗೆಗೆ ಹಿತ, ರಕ್ತಕ್ಕೆ ಎರಡೂ ಒಂದೇ. ನೀರು ಕುಡಿಯಬಹುದು. ಡೈರಿಗೆ ಹಾಲು ಹಾಕುವವರು ಹಸು ಕರೆದು, ಕ್ಯಾನು ಹೊತ್ತು ಓಡಿ ಬಂದ ಕೂಡಲೇ ರಕ್ತ ಕೊಡದೆ ಸ್ವಲ್ಪ ಹೊತ್ತು ಕೂತಿರಲಿ. ಶುಗರ್ ಮಾತ್ರೆಯನ್ನು ಮೊದಲ ರಕ್ತ ಕೊಟ್ಟ ಮೇಲೆ ತಿಂಡಿಯ ಜೊತೆ ನುಂಗುವುದು ವಾಡಿಕೆ. ಊಟದ ನಂತರದ ರಕ್ತಕ್ಕಾಗಿ ಮಾತ್ರೆ ಬಿಡುವವರಿದ್ದಾರೆ. ಹಾಗೆ ಬಿಟ್ಟರೆ ಆ ಮಾತ್ರೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದಾದರೂ ಹೇಗೆ?

‘ಮುದ್ದೆ ತಿನ್ನೋರಿಗೆ ಶುಗರ್ ಬರಲ್ಲ’

ಈ ಮಾತು ಹೊಳೆನರಸೀಪುರದ ಯಾವ ಕಟ್ಟೆಯ ಮೇಲಾದರೂ ಕೇಳುತ್ತದೆ, ಹೇಳುವವರ ಜೇಬಿನಲ್ಲೇ ಮಾತ್ರೆಯ ಪಟ್ಟಿ ಇರುತ್ತದೆ. ರಾಗಿಯ ಗುಣ ಅಲ್ಲಗಳೆಯುವಂಥದ್ದಲ್ಲ: ನಾರಿದೆ, ನೂರು ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಅದೇ ನೂರು ಗ್ರಾಂನಲ್ಲಿ ಹಿಟ್ಟಿನಂಶ, ಅಂದರೆ ಮುಂದೆ ಸಕ್ಕರೆಯಾಗುವ ಭಾಗ, ಸುಮಾರು 67 ಗ್ರಾಂ. ಅಕ್ಕಿಯಲ್ಲಿ 78. ವ್ಯತ್ಯಾಸ ಇದೆ, ನಾವು ಅಂದುಕೊಂಡಷ್ಟು ಇಲ್ಲ. ನುಣ್ಣಗೆ ಬೀಸಿ, ಚೆನ್ನಾಗಿ ಬೇಯಿಸಿ, ಅಗಿಯದೆ ನುಂಗಿದ ಮುದ್ದೆ ಬೇಗ ಕರಗುತ್ತದೆ.

ಹಿಂದಿನವರು ಎರಡು ಮುದ್ದೆ ಉಂಡು ಗಟ್ಟಿಯಾಗಿರಲಿಲ್ಲವೇ ಎಂದರೆ, ಇದ್ದರು. ಅವರು ಮಧ್ಯಾಹ್ನ ಮುದ್ದೆ ಉಂಡು ನೇಗಿಲ ಹಿಂದೆ ಹೋಗುತ್ತಿದ್ದರು. ನಾವು ರಾತ್ರಿ ಉಂಡು ಮಂಚಕ್ಕೆ ಹೋಗುತ್ತೇವೆ. ಮುದ್ದೆ ಆದ ಮೇಲೆ ‘ಒಂಚೂರು’ ಅನ್ನ ಸಾರು, ‘ಒಂಚೂರು’ ಅನ್ನ ಮೊಸರು. ಪಕ್ಕದಲ್ಲಿ ಆಲೂಗಡ್ಡೆ ಪಲ್ಯ, ಹಾಸನದಲ್ಲಿ ಅದಕ್ಕೇನು ಬರವೇ! ಹಿಟ್ಟಿನ ಜೊತೆ ಹಿಟ್ಟು, ಅದರ ಮೇಲೆ ಹಿಟ್ಟು. ಮುದ್ದೆ ಬಿಡಬೇಕಾಗಿಲ್ಲ. ನಿಂಬೆಹಣ್ಣಿನ ಗಾತ್ರ ಎಂದು ಹೇಳಿ ಯಾರ ಮನೆಯಲ್ಲೂ ಜಗಳ ಹಚ್ಚುವುದಿಲ್ಲ. ಈಗಿನದರ ಅರ್ಧ ಮಾಡಿ, ಅನ್ನ ಬಿಟ್ಟು, ಉಳಿದ ಜಾಗಕ್ಕೆ ಬಸ್ಸಾರಿನ ಸೊಪ್ಪು, ಹುರುಳಿಕಾಳು, ಅವರೆಕಾಳು ಬರಲಿ.

‘ಲ್ಯಾಬಲ್ಲಿ ಒಂದು, ಮನೆ ಮಿಷಿನ್ನಲ್ಲಿ ಒಂದು, ಯಾವುದೋ ಸುಳ್ಳು’

ಲ್ಯಾಬಿನಲ್ಲಿ 148, ಮನೆಯಲ್ಲಿ 161 ಬಂದರೆ ಎರಡೂ ನಿಜವೇ. ಗ್ಲೂಕೋಮೀಟರ್‌ಗಳಿಗೆ ಅಂತರರಾಷ್ಟ್ರೀಯ ಮಾನದಂಡ ಬಿಟ್ಟಿರುವ ಸಡಿಲಿಕೆ, 100ರ ಮೇಲಿನ ಅಂಕಿಗಳಿಗೆ ಹೆಚ್ಚುಕಡಿಮೆ ಶೇ 15. ಆ ಮೀಟರಿನಲ್ಲಿ ನೋಡಬೇಕಾದ್ದು ಅಂಕಿ ಯಾವ ಕಡೆ ಹೋಗುತ್ತಿದೆ ಎಂಬುದನ್ನು, ಹನ್ನೆರಡು ಹದಿಮೂರರ ವ್ಯತ್ಯಾಸವನ್ನಲ್ಲ. ಲ್ಯಾಬೂ ತಪ್ಪಬಹುದು: ತೆಗೆದ ರಕ್ತವನ್ನು ಬೇರ್ಪಡಿಸದೆ ಹಾಗೇ ಇಟ್ಟರೆ ಅದರೊಳಗಿನ ಕಣಗಳೇ ಗಂಟೆಗೆ ಶೇ 5ರಿಂದ 7ರಷ್ಟು ಸಕ್ಕರೆ ತಿಂದುಬಿಡುತ್ತವೆ. ಹಳ್ಳಿಯಲ್ಲಿ ಸಂಗ್ರಹಿಸಿ ಪಟ್ಟಣಕ್ಕೆ ಕಳಿಸುವ ಕಡೆ ಇದು ಗಮನದಲ್ಲಿರಬೇಕು.

ದೊಡ್ಡ ತಪ್ಪಾಗುವುದು ಬೆರಳ ತುದಿಯಲ್ಲಿ. ಬೆಳಿಗ್ಗೆ ಎದ್ದು ಮಕ್ಕಳಿಗೆ ಬಾಳೆಹಣ್ಣು ಸುಲಿದುಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡು ಚುಚ್ಚಿಕೊಂಡರೆ ಮೀಟರ್ ಹಣ್ಣಿನ ಸಿಹಿಯನ್ನೂ ಸೇರಿಸಿ ಹೇಳುತ್ತದೆ. ಸೋಪಿನಲ್ಲಿ ಕೈ ತೊಳೆದು, ಪೂರ್ತಿ ಒಣಗಿಸಿ, ಬೆರಳ ನಡುವಿಗೆ ಬೇಡ, ಪಕ್ಕಕ್ಕೆ ಚುಚ್ಚಿ, ನೋವೂ ಕಡಿಮೆ. ರಕ್ತ ಬರಲಿಲ್ಲವೆಂದು ಹಿಂಡಬೇಡಿ, ಕೈ ಕೆಳಗೆ ಬಿಟ್ಟು ತೋಳಿನಿಂದ ನೀವಿ. ಸ್ಟ್ರಿಪ್ಪಿನ ಡಬ್ಬಿಯ ಮುಚ್ಚಳ ತೆಗೆದಿಟ್ಟರೆ ಆಷಾಢದ ಥಂಡಿ ಅವನ್ನು ಹಾಳುಮಾಡುತ್ತದೆ. ಫ್ರಿಜ್ಜಿನಲ್ಲೂ ಇಡಬಾರದು.

‘ಮೂತ್ರಕ್ಕೆ ಇರುವೆ ಮುತ್ತಿಲ್ಲ, ಶುಗರ್ ಇಲ್ಲ’

ರಕ್ತದಲ್ಲಿ ಸುಮಾರು 180 ದಾಟುವವರೆಗೆ ಮೂತ್ರದಲ್ಲಿ ಸಕ್ಕರೆ ಕಾಣುವುದೇ ಇಲ್ಲ. ಇರುವೆ ಬರುವ ಹೊತ್ತಿಗೆ ತಡವಾಗಿರುತ್ತದೆ.

‘ಬೆಳಗಿನದು 105, ನನಗೆ ಕಂಟ್ರೋಲಿದೆ’

ಬೆಳಗಿನದು ಸರಿಯಿದ್ದು ಊಟವಾದ ಎರಡು ಗಂಟೆಗೆ 240 ಬರುವವರು ಬೇಕಾದಷ್ಟು ಇದ್ದಾರೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಇರುವುದೇ ಇದಕ್ಕೆ. ಟೆಸ್ಟಿಗೆ ಎರಡು ದಿನ ಮುಂಚೆ ಊಟ ಕಟ್ಟುಮಾಡಿ ಎಫ್‌ಬಿಎಸ್ ಸರಿಮಾಡಿಕೊಂಡು ಬರುವ ಜಾಣರೂ ಅಲ್ಲಿ ಸಿಕ್ಕಿಬೀಳುತ್ತಾರೆ. ಒಂದು ಎಚ್ಚರ: ಕಬ್ಬಿಣದಂಶ ಕಡಿಮೆಯಾಗಿ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ನಮ್ಮ ಹೆಂಗಸರಲ್ಲಿ ಇದು ಅಪರೂಪವಲ್ಲ. ಹಿಮೋಗ್ಲೋಬಿನ್ ರಿಪೋರ್ಟನ್ನೂ ಜೊತೆಗೆ ತೋರಿಸಿ.

ಇನ್ನು, ಆಶಾ ಕಾರ್ಯಕರ್ತೆಯರು ಮನೆಗೆ ಬಂದಾಗ ಊಟವಾದ ಮೇಲೆ ಚುಚ್ಚಿ 135 ಬಂದದ್ದಕ್ಕೆ ನಿದ್ದೆಗೆಟ್ಟವರೂ ಉಂಟು. ಊಟದ ನಂತರ 135 ಕಾಯಿಲೆಯಲ್ಲ.

‘ಕಡಿಮೆ ಬಂದಷ್ಟೂ ಒಳ್ಳೇದು’

ಇಲ್ಲಿ ಜೀವಕ್ಕೇ ಅಪಾಯ. 70ಕ್ಕಿಂತ ಕೆಳಗೆ ಬಂದರೆ ಅದು ಸಾಧನೆಯಲ್ಲ, ತುರ್ತು. ಗ್ಲಿಮೆಪಿರೈಡ್ ಬಗೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರು ಏಕಾದಶಿ, ಶಿವರಾತ್ರಿಗೆ ಊಟ ಬಿಟ್ಟು ಮಾತ್ರೆ ಮಾತ್ರ ಬಿಡದಿದ್ದರೆ ನಡುರಾತ್ರಿ ಶುಗರ್ ಇಳಿಯಬಹುದು. ಮೈ ಬೆವರಿ ಅಂಗಿ ಒದ್ದೆ, ಕೆಟ್ಟ ಕನಸು, ಬೆಳಿಗ್ಗೆ ತಲೆನೋವು, ಮಾತು ತೊದಲು. ಮನೆಯವರು ಇದನ್ನು ‘ಗಾಳಿ ಸೋಕಿದ್ದು’ ಎಂದುಕೊಂಡು ಹೊತ್ತು ಕಳೆಯುವುದುಂಟು. ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ. ಉಪವಾಸ ಬಿಡಲಾರೆ ಎನ್ನುವ ಅಜ್ಜಿಯನ್ನು ಬೈದು ಪ್ರಯೋಜನವಿಲ್ಲ, ಆ ದಿನದ ಮಾತ್ರೆ ಏನು ಮಾಡಬೇಕೆಂದು ವಾರದ ಮೊದಲೇ ಡಾಕ್ಟರನ್ನು ಕೇಳಿಟ್ಟುಕೊಳ್ಳಿ.

‘ಸರಿಹೋಯ್ತು, ಮಾತ್ರೆ ನಿಲ್ಸಿದೆ. ದಿನಾ ನುಂಗಿದ್ರೆ ಕಿಡ್ನಿ ಹೋಗುತ್ತೆ’

ಸರಿಹೋಗಿರುವುದು ಮಾತ್ರೆಯಿಂದಲೇ. ಕಿಡ್ನಿ ಕೆಡಿಸುವುದು ವರ್ಷಗಟ್ಟಲೆ ಏರಿ ಕೂತ ಸಕ್ಕರೆ. ಮಾತ್ರೆಯ ಬದಲು ಮೆಂತ್ಯದ ನೀರು, ಹಾಗಲದ ರಸ, ಹಿತ್ತಲ ಇನ್ಸುಲಿನ್ ಗಿಡದ ಎಲೆ ನಂಬುವವರಿಗೆ ಒಂದೇ ಕೋರಿಕೆ: ಡಾಕ್ಟರಿಗೆ ಮುಚ್ಚಿಡಬೇಡಿ. ಮಾತ್ರೆಯ ಜೊತೆ ಅವೂ ಸೇರಿದರೆ ಶುಗರ್ ಅತಿಯಾಗಿ ಇಳಿಯಬಹುದು.

‘ದಿನಾ ಬೆಳಿಗ್ಗೆ ಚುಚ್ಚಲೇಬೇಕು’

ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಹೌದು, ಕೆಲವರಿಗೆ ದಿನಕ್ಕೆ ಹಲವು ಸಲ. ಬರೀ ಮಾತ್ರೆಯಲ್ಲಿ ಸ್ಥಿರವಾಗಿರುವವರಿಗೆ ಬೇಕಾಗಿಲ್ಲ; ಸ್ಟ್ರಿಪ್ಪಿನ ಬೆಲೆಯೂ ಕಡಿಮೆಯೇನಲ್ಲ. ವಾರಕ್ಕೆ ಎರಡು ಚುಚ್ಚು ಸಾಕೆಂದು ಡಾಕ್ಟರು ಹೇಳಿದ್ದರೆ ಎರಡನ್ನೂ ಬೆಳಿಗ್ಗೆಯೇ ಖರ್ಚು ಮಾಡಬೇಡಿ: ಒಂದು ಬೆಳಿಗ್ಗೆ, ಇನ್ನೊಂದು ಊಟವಾದ ಎರಡು ಗಂಟೆಗೆ, ಮುಂದಿನ ವಾರ ಬೇರೆ ಊಟಕ್ಕೆ. ಅಂಕಿಯ ಪಕ್ಕದಲ್ಲಿ ಹಿಂದಿನ ರಾತ್ರಿ ಉಂಡದ್ದು, ಮಲಗಿದ ಹೊತ್ತು, ಬಿಟ್ಟ ಮಾತ್ರೆ ಬರೆದಿಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಶುಗರ್, ಬಿಪಿ ನೋಡುವ ಎನ್‌ಸಿಡಿ ಕ್ಲಿನಿಕ್ಕಿಗೆ ಹೋಗುವಾಗ ಆ ಪುಸ್ತಕ ಒಯ್ಯಿರಿ. ಡಾಕ್ಟರ ಸಮಯದಲ್ಲಿ ನಿಮ್ಮ ಪಾಲಿಗೆ ಸಿಗುವುದು ಕೆಲವೇ ನಿಮಿಷ.