ಇಂಗ್ಲಿಷ್ ಬರವಣಿಗೆಯಲ್ಲಿ ವಾಕ್ಯಸಂಯೋಜನೆ: ಪ್ರಧಾನ ವಾಕ್ಯದ ಆಯ್ಕೆ

ಬಿಡಿ ವಾಕ್ಯಗಳನ್ನು ಕೂಡಿಸಿ ಇಂಗ್ಲಿಷ್ ಶೈಲಿಯನ್ನು ಸುಧಾರಿಸುವ ಅಭ್ಯಾಸಕ್ಕೆ 1960ರ ದಶಕದಲ್ಲಿ ರೂಪಾಂತರಣ ವ್ಯಾಕರಣವು ಸೈದ್ಧಾಂತಿಕ ನೆಲೆಯನ್ನು ಒದಗಿಸಿತು. ಒಂದು ಪ್ರಧಾನ ವಾಕ್ಯವನ್ನೂ ಅದಕ್ಕೆ ಸೇರಿದ ಅಧೀನ ವಾಕ್ಯಗಳನ್ನೂ ಒಳಗೊಂಡ ಘಟಕಕ್ಕೆ ಕೆಲಾಗ್ ಹಂಟ್ ಅವರು ‘ಟಿ-ಯೂನಿಟ್’ ಎಂದು ಹೆಸರಿಟ್ಟರು. ತರಗತಿ ಮೇಲೇರಿದಂತೆ ಅಮೆರಿಕದ ವಿದ್ಯಾರ್ಥಿಗಳ ಬರಹದಲ್ಲಿ ಈ ಘಟಕವು ದೀರ್ಘವಾಗುವುದನ್ನು 1965ರಲ್ಲಿ ತೋರಿಸಿದರು. ಸಂಯೋಜನೆಯ ಅಭ್ಯಾಸದ ಪರಿಣಾಮವನ್ನು ಏಳನೆಯ ತರಗತಿಯಲ್ಲಿ ಪರೀಕ್ಷಿಸಿದ ಅಧ್ಯಯನಗಳಲ್ಲಿ ಎರಡು ಮುಖ್ಯವಾದವು: ವ್ಯಾಕರಣಪಾಠವನ್ನು ಒಳಗೊಂಡ ಜಾನ್ ಮೆಲನ್ ಅವರದು (1969), ಅದನ್ನು ಕೈಬಿಟ್ಟ ಫ್ರಾಂಕ್ ಓಹೇರ್ ಅವರದು (1973).

ಆದರೆ ಉದ್ದವೊಂದೇ ಶೈಲಿಯ ಮಾನದಂಡವಾಗಲಾರದು. ‘ದಿ ಸ್ಯಾಂಪಲ್ ವಾಸ್ ಸ್ಮಾಲ್’, ‘ದಿ ಪ್ಯಾಟರ್ನ್ ವಾಸ್ ಕ್ಲಿಯರ್’ ಎಂಬ ಎರಡು ವಾಕ್ಯಗಳನ್ನು ಗಮನಿಸಬಹುದು. ಮೊದಲನೆಯದಕ್ಕೆ ‘ಆಲ್ದೋ’ ಸೇರಿಸಿದರೆ ವಿನ್ಯಾಸದ ಸ್ಪಷ್ಟತೆಯು ಪ್ರತಿಪಾದನೆಯಾಗುತ್ತದೆ; ಎರಡನೆಯದಕ್ಕೆ ಸೇರಿಸಿದರೆ ಮಾದರಿಯ ಮಿತಿಯೇ ತೀರ್ಮಾನವಾಗುತ್ತದೆ. ಪದಸಂಖ್ಯೆ ಎರಡರಲ್ಲೂ ಒಂದೇ. ಸಂಶೋಧಕರು ಹೊರುವ ಹೊಣೆ ಬೇರೆ. ‘ಆಂಡ್’ ಬಳಸಿದರೆ ಆ ನಿರ್ಣಯವು ಓದುಗರ ಪಾಲಿಗೆ ಉಳಿಯುತ್ತದೆ.

ಕನ್ನಡ ಮನೆಮಾತಿನ ಸಂಶೋಧಕರಿಗೆ ಇದು ವಿಶೇಷವಾಗಿ ಪ್ರಸ್ತುತ. ‘ದತ್ತಾಂಶವನ್ನು ಸಂಗ್ರಹಿಸಿ, ವರ್ಗೀಕರಿಸಿ, ವಿಶ್ಲೇಷಿಸಿದೆವು’ ಎಂಬಲ್ಲಿ ಕೃದಂತಾವ್ಯಯಗಳು ಕ್ರಿಯೆಗಳನ್ನು ಕ್ರಮವಾಗಿ ಪೋಣಿಸುತ್ತವೆ. ಪೂರ್ಣ ಕ್ರಿಯಾಪದವು ಕೊನೆಯಲ್ಲಿ ಬರುತ್ತದೆ. ಈ ಸರಣಿಯು ಇಂಗ್ಲಿಷಿನಲ್ಲಿ ‘ಆಂಡ್’ಗಳ ಸಾಲಾಗಬಹುದು, ಇಲ್ಲವೆ ಬಿಡಿ ವಾಕ್ಯಗಳಾಗಿ ಒಡೆಯಬಹುದು. ಆದ್ದರಿಂದ ಕರಡನ್ನು ಪರಿಷ್ಕರಿಸುವಾಗ, ಪ್ರತಿಪಾದಿಸಬೇಕಾದ ಅಂಶ ಯಾವುದೆಂದು ಮೊದಲು ನಿರ್ಧರಿಸಿ, ಅದನ್ನು ಪ್ರಧಾನ ವಾಕ್ಯದಲ್ಲಿಟ್ಟು, ಉಳಿದವನ್ನು ಅಧೀನಗೊಳಿಸುವುದು ಸೂಕ್ತ. ಎರಡು ಅಂಶಗಳೂ ಸ್ವತಂತ್ರ ಪ್ರತಿಪಾದನೆಗಳಾಗಿದ್ದರೆ ಅವು ಬಿಡಿ ವಾಕ್ಯಗಳಾಗಿಯೇ ಉಳಿಯಬಹುದು.