ಶಾಪವಲ್ಲ, ಅಂಟುಜಾಡ್ಯವಲ್ಲ

ಹಾಲೆಂಡಿನ ಸ್ಕೀಡಾಮ್ ಪಟ್ಟಣದ ಸಂತ ಲಿಡ್ವಿನಾ (1380–1433) ಹದಿಹರೆಯದಲ್ಲಿ ಮಂಜುಗಡ್ಡೆಯ ಮೇಲೆ ಬಿದ್ದ ಬಳಿಕ ಉಳಿದ ಬಾಳನ್ನು ಬಹುಪಾಲು ಹಾಸಿಗೆಯಲ್ಲೇ ಕಳೆದರು. ಅವರನ್ನು ಬಾಧಿಸಿದ್ದು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗವಿರಬಹುದೆಂದು ಕೆಲವು ವೈದ್ಯರು ಊಹಿಸಿದ್ದಾರೆ.

ಮಿದುಳು, ಬೆನ್ನುಹುರಿಗಳ ನರತಂತುಗಳಿಗೆ ಹೊದಿಕೆಯಾಗಿರುವ ಕವಚವನ್ನು ದೇಹದ ರೋಗರಕ್ಷಣಾ ವ್ಯವಸ್ಥೆಯೇ ನಾಶಗೊಳಿಸುವುದು ಈ ಬೇನೆಯ ಸ್ವರೂಪ. ದೃಷ್ಟಿ ಮಸುಕಾಗುತ್ತದೆ, ಕೈಕಾಲು ಜೋಮು ಹಿಡಿಯುತ್ತವೆ, ಆಯಾಸ ಮೈಯನ್ನು ಕುಗ್ಗಿಸುತ್ತದೆ. ಸಾಮಾನ್ಯವಾಗಿ 20ರಿಂದ 40ರ ಪ್ರಾಯದಲ್ಲಿ ತಲೆದೋರುವ ಇದು ಪುರುಷರಿಗಿಂತ ಸ್ತ್ರೀಯರಲ್ಲಿ ಕನಿಷ್ಠ ಇಮ್ಮಡಿ. 2020ರ ಅಂದಾಜಿನಂತೆ ಜಗತ್ತಿನಲ್ಲಿ ಇಂಥ ರೋಗಿಗಳು ಸುಮಾರು 28 ಲಕ್ಷ.

ಭೂಮಧ್ಯರೇಖೆಯಿಂದ ದೂರ ಸರಿದಂತೆ ರೋಗದ ಪ್ರಮಾಣ ಏರುವುದನ್ನು ತಜ್ಞರು ಬಹುಕಾಲದಿಂದ ಗಮನಿಸಿದ್ದಾರೆ. 2014ರಲ್ಲಿ ಪ್ರಕಟವಾದ ಮಂಗಳೂರು ನಗರದ ಅಧ್ಯಯನದಲ್ಲಿ ಲಕ್ಷ ಜನರಿಗೆ ಸುಮಾರು 8 ರೋಗಿಗಳು ಕಂಡುಬಂದರು; ಬ್ರಿಟನ್ನಿನಲ್ಲಿ ಈ ಸಂಖ್ಯೆ 100ಕ್ಕೂ ಮಿಗಿಲು. ಹಾಗಾದರೆ ನಮ್ಮ ರಕ್ತವೇ ನಮ್ಮನ್ನು ಕಾಪಾಡುತ್ತಿದೆಯೇ? ಇಂಗ್ಲೆಂಡಿನಲ್ಲಿ 1990ರಲ್ಲಿ ಪ್ರಕಟವಾದ ಸಂಶೋಧನೆ ಇದಕ್ಕೆ ಉತ್ತರವಿತ್ತಿತು. ಭಾರತ ಉಪಖಂಡದಿಂದ ಅಲ್ಲಿಗೆ ವಲಸೆ ಹೋದವರಲ್ಲಿ ರೋಗ ವಿರಳ. ಅಲ್ಲಿಯೇ ಹುಟ್ಟಿ ಬೆಳೆದ ಅವರ ಮಕ್ಕಳಲ್ಲಾದರೋ ಸ್ಥಳೀಯರಷ್ಟೇ. ಬಾಲ್ಯ ಕಳೆದ ನೆಲಕ್ಕೂ ಇದರಲ್ಲಿ ಪಾತ್ರವಿದೆ ಎಂದಾಯಿತು.

ಆದರೆ ನೆಲವೊಂದೇ ಕಾರಣವಲ್ಲ. ಬಿಸಿಲಿಗೆ ಕೊರತೆಯಿಲ್ಲದ ಸಾರ್ಡೀನಿಯಾ ದ್ವೀಪದಲ್ಲಿ ಇಟಲಿಯ ಮುಖ್ಯ ಭೂಭಾಗಕ್ಕಿಂತ ಈ ಬೇನೆ ಹೆಚ್ಚು. ಶತಮಾನಗಳ ಕಾಲ ಪ್ರತ್ಯೇಕವಾಗಿ ಉಳಿದ ಅಲ್ಲಿಯ ಜನರ ವಂಶವಾಹಿಗಳೂ ಕಾರಣವೆನ್ನುತ್ತಾರೆ. 2022ರಲ್ಲಿ ಅಮೆರಿಕದ ಸೇನಾ ಸಿಬ್ಬಂದಿಯ ರಕ್ತದ ಮಾದರಿಗಳನ್ನು ಆಧರಿಸಿದ ಅಧ್ಯಯನ ಮತ್ತೊಂದು ಎಳೆಯನ್ನು ಬಯಲಿಗೆ ತಂದಿತು: ಎಪ್‌ಸ್ಟೀನ್-ಬಾರ್ ವೈರಾಣು ತಗುಲಿದ ಮೇಲೆ ಈ ರೋಗದ ಸಂಭವ 32 ಪಟ್ಟು ಏರುತ್ತದೆ. ಆದರೂ ಬಹುತೇಕ ಎಲ್ಲ ವಯಸ್ಕರಲ್ಲಿರುವ ಈ ವೈರಾಣು ಕೆಲವರನ್ನು ಮಾತ್ರ ರೋಗಿಗಳಾಗಿಸುತ್ತದೆ.

ನೆಲ, ವಂಶ, ವೈರಾಣು ಕೂಡಿದಾಗ ಹುಟ್ಟುವ ಈ ಬೇನೆಯಲ್ಲಿ ರೋಗಿಯ ತಪ್ಪೇನಿದೆ? ಇದು ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ತಾಯಿಗಿದ್ದರೂ ಮಗುವಿಗೆ ಬರುವ ಸಂಭವ ನೂರಕ್ಕೆ ಎರಡು ಮೂರು ಮಾತ್ರ. ಹೀಗಿರುವಾಗ ಮಗಳ ಆಯಾಸವನ್ನು ನಾವು ಸೋಮಾರಿತನವೆಂದು ಜರೆಯುವುದಾಗಲಿ, ಮದುವೆಯ ಸಂಬಂಧ ತಪ್ಪೀತೆಂದು ಅವಳ ಬೇನೆಯನ್ನು ಮುಚ್ಚಿಡುವುದಾಗಲಿ ಅನ್ಯಾಯ. ಬೇನೆಯನ್ನು ಪೂರ್ಣವಾಗಿ ನೀಗುವ ಔಷಧವಿಲ್ಲದಿದ್ದರೂ ಅದರ ನಡೆಯನ್ನು ತಡೆಯುವ ಔಷಧಗಳು 1993ರಿಂದೀಚೆಗೆ ಬಂದಿವೆ. ಬೇಗ ಆರಂಭಿಸಿದಷ್ಟೂ ಅವುಗಳ ಫಲ ಹೆಚ್ಚು. ಆದುದರಿಂದ ನೆರೆಹೊರೆಯ ಮಾತಿಗೆ ಅಂಜಿ ನಾವು ಕಳೆಯುವ ತಿಂಗಳುಗಳಿಗೆ ಬೆಲೆ ತೆರುವವಳು ಆ ಮಗಳೇ.