‘ನಾವು’: ಒಂದು ರೂಪ, ಎರಡು ಅರ್ಥ

ಭಾಷೆಯು ಸಂವಹನದ ಸಾಧನವೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಸಂವಹನವೆಂದರೆ ಒಬ್ಬರಿಂದ ಇನ್ನೊಬ್ಬರಿಗೆ ಸುದ್ದಿಯನ್ನು ತಲುಪಿಸುವುದಷ್ಟೇ ಅಲ್ಲ. ಆಡುವವರು ತಮ್ಮ ಮಾತಿನೊಳಗೆ ಕೇಳುವವರಿಗೆ ಯಾವ ಸ್ಥಾನವನ್ನು ಕೊಡುತ್ತಾರೆ ಎಂಬುದೂ ಅದರಲ್ಲಿ ಅಡಗಿರುತ್ತದೆ. ಈ ಸ್ಥಾನವು ಕೆಲವು ಭಾಷೆಗಳಲ್ಲಿ ಪದರೂಪದಿಂದಲೇ ವ್ಯಕ್ತವಾಗುತ್ತದೆ; ಕೆಲವು ಭಾಷೆಗಳಲ್ಲಿ ಅದನ್ನು ಸಂದರ್ಭದಿಂದ ಊಹಿಸಿಕೊಳ್ಳಬೇಕಾಗುತ್ತದೆ. ಉತ್ತಮಪುರುಷ ಬಹುವಚನದ ‘ನಾವು’ ಎಂಬ ಸರ್ವನಾಮವನ್ನು ಆಧಾರವಾಗಿಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹೊರನಾಡಿನಲ್ಲಿ ಕ್ಷೇತ್ರಕಾರ್ಯ ಮಾಡುವವರಿಗೆ ಇದು ಬರಿಯ ವ್ಯಾಕರಣದ ಪ್ರಶ್ನೆಯಲ್ಲವೆಂಬುದನ್ನೂ ತೋರಿಸಲು ಯತ್ನಿಸಿದ್ದೇವೆ.

‘ನಾವು ನಾಳೆ ಬೇಗ ಹೊರಡಬೇಕು’ ಎಂಬ ವಾಕ್ಯವನ್ನು ಗಮನಿಸೋಣ. ಹೊರಡುವವರಲ್ಲಿ ಕೇಳುಗರೂ ಸೇರಿದ್ದಾರೆಯೇ, ಇಲ್ಲವೇ ಎಂಬುದನ್ನು ವಾಕ್ಯದ ರೂಪವು ಹೇಳುವುದಿಲ್ಲ. ಇದೇ ಮಾತನ್ನು ತೆಲುಗಿನಲ್ಲಿ ಆಡಬೇಕಾದರೆ ಆಡುವವರು ಮೊದಲೇ ನಿರ್ಧರಿಸಿಕೊಳ್ಳಬೇಕು. ಕೇಳುಗರನ್ನು ಬಿಟ್ಟರೆ ‘ಮೇಮು’, ಸೇರಿಸಿಕೊಂಡರೆ ‘ಮನಮು’. ತಮಿಳಿನಲ್ಲಿ ‘ನಾಂಗಳ್’ ಮತ್ತು ‘ನಾಮ್’, ತುಳುವಿನಲ್ಲಿ ‘ಎಂಕುಲು’ ಮತ್ತು ‘ನಮ’ ಎಂಬ ಜೋಡಿಗಳು ಇದೇ ಭೇದವನ್ನು ಸೂಚಿಸುತ್ತವೆ. ಕೇಳುಗರನ್ನು ಹೊರಗಿಡುವ ರೂಪವನ್ನು ವ್ಯಾವರ್ತಕವೆಂದೂ, ಒಳಗೊಳ್ಳುವ ರೂಪವನ್ನು ಸಮಾವೇಶಕವೆಂದೂ ಇಲ್ಲಿ ಕರೆಯುತ್ತೇವೆ. ಸಂಸ್ಕೃತದ ‘ವಯಂ’ ಮತ್ತು ಹಿಂದಿಯ ‘ಹಮ್’ ಈ ಭೇದವನ್ನು ತೋರುವುದಿಲ್ಲ. ಆದರೆ ಅದೇ ಆರ್ಯಭಾಷಾವರ್ಗಕ್ಕೆ ಸೇರಿದ ಮರಾಠಿಯಲ್ಲಿ ‘ಆಮ್ಹೀ’ ಮತ್ತು ‘ಆಪಣ’, ಗುಜರಾತಿಯಲ್ಲಿ ‘ಅಮೇ’ ಮತ್ತು ‘ಆಪಣೇ’ ಎಂಬ ಎರಡೆರಡು ರೂಪಗಳಿವೆ. ಇದು ದ್ರಾವಿಡ ಭಾಷೆಗಳ ಸಂಪರ್ಕದ ಫಲವಿರಬೇಕೆಂದು ಹಲವು ಭಾಷಾವಿಜ್ಞಾನಿಗಳು ಅಭಿಪ್ರಾಯಪಟ್ಟಿದ್ದಾರೆ.

ಈ ಭೇದವು ಕನ್ನಡಕ್ಕೆ ಮೊದಲಿನಿಂದಲೂ ಅಪರಿಚಿತವಾಗಿತ್ತೆಂದು ಭಾವಿಸಬೇಕಾಗಿಲ್ಲ. ಮೂಲ ದ್ರಾವಿಡದಲ್ಲಿ ಈ ಎರಡು ಅರ್ಥಗಳಿಗೆ ಎರಡು ಪ್ರತ್ಯೇಕ ರೂಪಗಳನ್ನು ವಿದ್ವಾಂಸರು ಪುನಾರಚಿಸಿದ್ದಾರೆ. ಹಳಗನ್ನಡದಲ್ಲಿ ‘ಎಮ್ಮ’, ‘ಎಮಗೆ’ ಎಂಬ ರೂಪಗಳೂ ‘ನಮ್ಮ’, ‘ನಮಗೆ’ ಎಂಬ ರೂಪಗಳೂ ದೊರೆಯುತ್ತವೆ. ಇವುಗಳಲ್ಲಿ ಎಕಾರಾದಿಯಾದವು ವ್ಯಾವರ್ತಕ ವರ್ಗದಿಂದಲೂ ನಕಾರಾದಿಯಾದವು ಸಮಾವೇಶಕ ವರ್ಗದಿಂದಲೂ ಬಂದವು. ಕಾಲಕ್ರಮದಲ್ಲಿ ಎರಡರ ನಡುವಣ ಅರ್ಥಭೇದವು ಅಳಿಸಿಹೋಗಿ, ‘ಎಮ್ಮ’ ಎಂಬುದು ಕಾವ್ಯಭಾಷೆಯಲ್ಲಿ ಮಾತ್ರ ಉಳಿಯಿತು. ಇಂದಿನ ಗದ್ಯದಲ್ಲಿಯೂ ಆಡುಮಾತಿನಲ್ಲಿಯೂ ಎರಡೂ ಹೊಣೆಗಳನ್ನು ‘ನಾವು’, ‘ನಮ್ಮ’ ಎಂಬ ನಕಾರಾದಿ ರೂಪಗಳೇ ಹೊತ್ತಿವೆ.

ರೂಪವು ಅಳಿದ ಮಾತ್ರಕ್ಕೆ ಅರ್ಥವು ಅಳಿಯುವುದಿಲ್ಲ; ಅದು ಬೇರೊಂದು ಕಡೆ ನೆಲೆ ಕಂಡುಕೊಳ್ಳುತ್ತದೆ. ‘ನಾವು ಹೋಗುತ್ತೇವೆ’ ಎಂದು ಎದುರಿಗಿರುವವರಿಗೆ ಹೇಳಿದರೆ, ಅವರನ್ನು ಬಿಟ್ಟು ಹೋಗುವುದೆಂಬ ಅರ್ಥವೇ ಸಾಮಾನ್ಯವಾಗಿ ಮುಂದಾಗುತ್ತದೆ. ‘ಹೋಗೋಣ’ ಎಂದರೆ ಅವರೂ ಜೊತೆಗೆ ಸೇರಿದರು. ಎಂದರೆ, ಸರ್ವನಾಮವು ಬಿಟ್ಟುಕೊಟ್ಟ ಭೇದದ ಒಂದಂಶವನ್ನು ಕ್ರಿಯಾಪದದ ‘ಓಣ’ ಪ್ರತ್ಯಯವು ಸೂಚಿಸುತ್ತಿದೆ. ‘ನಾವೂ ನೀವೂ’, ‘ನಾವೆಲ್ಲರೂ’, ‘ನಾವಷ್ಟೇ’ ಮೊದಲಾದ ಪ್ರಯೋಗಗಳು ಉಳಿದ ಕೊರತೆಯನ್ನು ತುಂಬುತ್ತವೆ.

ಭಾಷೆಗಳು ಒಂದೆಡೆ ಸೇರಿದಾಗ ಈ ಭೇದವು ಒಂದರಿಂದ ಇನ್ನೊಂದಕ್ಕೆ ದಾಟುವುದೂ ಉಂಟು. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಭಾಷೆಗಳ ಸಹಬಾಳ್ವೆಯನ್ನು ಕುರಿತು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ನಡೆಸಿದ ಅಧ್ಯಯನವು 1971ರಲ್ಲಿ ಪ್ರಕಟವಾಯಿತು. ಪದಗಳು ಆಯಾ ಭಾಷೆಯವಾಗಿಯೇ ಉಳಿದಿದ್ದರೂ ವಾಕ್ಯರಚನೆಯ ಕ್ರಮಗಳು ಪರಸ್ಪರ ಹತ್ತಿರ ಬಂದಿದ್ದುದನ್ನು ಅವರು ತೋರಿಸಿದರು. ಅಲ್ಲಿನ ಉರ್ದುವಿನಲ್ಲಿ ಎರಡು ಬಗೆಯ ‘ನಾವು’ ಬೆಳೆದುಬಂದದ್ದು ಅವರು ಗುರುತಿಸಿದ ಸಂಗತಿಗಳಲ್ಲೊಂದು.

ಹೊರನಾಡ ಕನ್ನಡಿಗರ ದಿನನಿತ್ಯದ ವ್ಯವಹಾರದಲ್ಲಿ ಈ ವಿಷಯವು ಮತ್ತಷ್ಟು ಸೂಕ್ಷ್ಮವಾಗುತ್ತದೆ. ಚೆನ್ನೈಯಲ್ಲಿ ತಮ್ಮ ಮನೆಯನ್ನು ಕುರಿತು ತಮಿಳಿನಲ್ಲಿ ಮಾತನಾಡುವ ಕನ್ನಡಿಗರೊಬ್ಬರು ‘ಎಂಗಳ್’ ಎನ್ನಬೇಕಾದ ಕಡೆ, ತಮ್ಮ ಭಾಷೆಯ ರೂಢಿಯಿಂದ ‘ನಮ್ಮ’ ಎಂದಾರು. ಧ್ವನಿಯು ಎರಡೂ ಭಾಷೆಗಳಲ್ಲಿ ಒಂದೇ; ವ್ಯಾಪ್ತಿ ಮಾತ್ರ ಬೇರೆ. ತಮಿಳು ಕಿವಿಗೆ ಆ ಮನೆಯು ಕೇಳುಗರದ್ದೂ ಆಗಿಬಿಡುತ್ತದೆ. ಅತಿಥಿಯನ್ನು ಕರೆಯುವಾಗ ಇದು ಆತ್ಮೀಯತೆಯಾಗಿ ತೋರಬಹುದು. ಬಾಡಿಗೆಯ ಅಥವಾ ಪಾಲಿನ ಮಾತುಕತೆಯಲ್ಲಿ ಗೊಂದಲವಾಗಿ ಪರಿಣಮಿಸಬಹುದು. ಮರಾಠಿಯ ‘ಆಪಣ’ ಶಬ್ದವು ಗೌರವಾರ್ಥದ ‘ತಾವು’ ಎಂಬುದಕ್ಕೂ ಸಲ್ಲುವುದರಿಂದ ಮುಂಬಯಿ, ಪುಣೆಗಳಲ್ಲಿ ತೊಡಕು ಇನ್ನೊಂದು ಬಗೆಯದು.

ಸಂಶೋಧಕರ ಹೊಣೆಯು ಇಲ್ಲಿಯೇ ಇದೆ. ಸಂದರ್ಶನದಲ್ಲಿ ಮರಾಠಿ ಭಾಷಿಕರೊಬ್ಬರು ‘ಆಮ್ಹೀ’ ಎಂದುದನ್ನೂ ‘ಆಪಣ’ ಎಂದುದನ್ನೂ ಕನ್ನಡದ ವರದಿಯಲ್ಲಿ ‘ನಾವು’ ಎಂದೇ ಬರೆದರೆ, ಅವರು ಸಂದರ್ಶಕರನ್ನು ತಮ್ಮವರೆಂದು ಎಣಿಸಿದರೋ ಹೊರಗಿನವರೆಂದು ಬಗೆದರೋ ಎಂಬ ಮಾಹಿತಿಯು ಕಾಗದದ ಮೇಲೆ ಉಳಿಯುವುದೇ ಇಲ್ಲ. ಸಮುದಾಯ, ವಲಸೆ, ಭಾಷಾನಿಷ್ಠೆಗಳನ್ನು ಕುರಿತ ಅಧ್ಯಯನದಲ್ಲಿ ನಾವು ಹುಡುಕುವುದು ಬಹುಮಟ್ಟಿಗೆ ಆ ಮಾಹಿತಿಯನ್ನೇ. ಕನ್ನಡದಲ್ಲಿಯೇ ನಡೆದ ಸಂದರ್ಶನದಲ್ಲಿಯೂ ‘ನಮ್ಮ ಭಾಷೆ’, ‘ನಮ್ಮ ಜನ’ ಎಂಬ ಉತ್ತರ ಬಂದಾಗ, ಅದರಲ್ಲಿ ಯಾರು ಯಾರು ಸೇರಿದ್ದಾರೆ ಎಂದು ಮರಳಿ ಕೇಳುವುದು ಅಗತ್ಯ. ಪಕ್ಕದ ಮನೆಯ ತೆಲುಗರೂ ಸೇರಿರಬಹುದು. ಕರ್ನಾಟಕದಲ್ಲಿರುವ ಬಂಧುಗಳು ಹೊರಗುಳಿದಿರಲೂಬಹುದು.

ಆದುದರಿಂದ ಲಿಪ್ಯಂತರದಲ್ಲಿ ಮೂಲಭಾಷೆಯ ಸರ್ವನಾಮವನ್ನು ಇದ್ದಂತೆಯೇ ಉಳಿಸಿಕೊಂಡು, ಅನುವಾದದಲ್ಲಿ ಅದರ ವ್ಯಾಪ್ತಿಯನ್ನು ಸ್ಪಷ್ಟಪಡಿಸುವ ಕ್ರಮವನ್ನು ಅನುಸರಿಸುವುದು ಒಳಿತು. ಹೈದರಾಬಾದಿನಲ್ಲಿ ತೆಲುಗಿನೊಂದಿಗೆ ಬೆಳೆದ ಕನ್ನಡ ಮನೆಮಾತು ಈ ಭೇದವನ್ನು ಯಾವುದಾದರೂ ಬಗೆಯಲ್ಲಿ ಮರಳಿ ಪಡೆದುಕೊಳ್ಳುತ್ತಿದೆಯೇ ಎಂಬುದು ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾದ ಪ್ರಶ್ನೆ. ‘ನಾವು’ ಎಂಬ ಚಿಕ್ಕ ಮಾತಿನ ಗಡಿಯನ್ನು ಪ್ರತಿ ಬಾರಿಯೂ ಕೇಳಿ ತಿಳಿದುಕೊಳ್ಳುವುದು ಅಂತಹ ಅಧ್ಯಯನದ ಮೊದಲ ಹೆಜ್ಜೆಯಾಗಬೇಕು.